ಪ್ರಾಸ್ಟೇಟ್ ಬಗ್ಗೆ ನಮ್ಮ ಕಡೆಯ ಹಿರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ವಿಜಯಪುರ ಜಿಲ್ಲೆಯಲ್ಲಿ ಮೂವತ್ತು ವರ್ಷ ಫಾರ್ಮಾಸಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಈಗ ನನಗೇ 67. ಗುಳಿಗೆ ಕೊಡುವ ಕಿಟಕಿಯ ಮುಂದೆ ನಿಂತು ಗಂಡಸರು ಬಿಪಿ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಗಟ್ಟಿಯಾಗಿ ಕೇಳುತ್ತಿದ್ದರು. ಈ ಒಂದು ವಿಷಯ ಮಾತ್ರ ಹಿಂದಿನವರೆಲ್ಲ ಹೋಗುವ ತನಕ ಕಾದು, ಕಿಟಕಿಗೆ ಮುಖ ಹಚ್ಚಿ, ಪಿಸುಮಾತಿನಲ್ಲಿ ಕೇಳುತ್ತಿದ್ದರು. ಈಗಲೂ ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

ಈ ಪ್ರಾಸ್ಟೇಟ್ ಅಂದರೆ ಏನು? ಹೆಂಗಸರಿಗೂ ಇರುತ್ತಾ?

ಇಲ್ಲ, ಇದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಬುಡದಲ್ಲಿ ಕೂತಿರುತ್ತದೆ. ವಯಸ್ಸಿನ ಹುಡುಗರಲ್ಲಿ ಸುಮಾರು 20 ಗ್ರಾಂ, ಸಣ್ಣ ಬೆಟ್ಟದ ನೆಲ್ಲಿಕಾಯಿಯಷ್ಟು. ವೀರ್ಯದಲ್ಲಿರುವ ದ್ರವದ ಒಂದು ಭಾಗವನ್ನು ತಯಾರಿಸುವುದು ಇದರ ಕೆಲಸ. ತೊಂದರೆ ಬರುವುದು ಅದು ಇರುವ ಜಾಗದಿಂದ. ಮೂತ್ರ ಹೊರಗೆ ಬರುವ ನಾಳ ಈ ಗ್ರಂಥಿಯ ನಡುವೆಯೇ ಹಾಯ್ದು ಹೋಗುತ್ತದೆ. ಗ್ರಂಥಿ ಬೆಳೆದು ಇಂಡಿ ನಿಂಬೆಹಣ್ಣಿನಷ್ಟಾದರೆ ನಾಳವನ್ನು ಒತ್ತುತ್ತದೆ. ತೋಟಕ್ಕೆ ನೀರು ಬಿಟ್ಟಾಗ ಪೈಪಿನ ಮೇಲೆ ಯಾರೋ ಕಾಲಿಟ್ಟರೆ ಏನಾಗುತ್ತದೋ ಅದೇ. ಧಾರೆ ಸಣ್ಣದಾಗುತ್ತದೆ, ನಿಂತು ನಿಂತು ಬರುತ್ತದೆ, ಮುಗಿಯಿತು ಅಂದುಕೊಂಡ ಮೇಲೂ ಹನಿ ಬೀಳುತ್ತದೆ.

ವಯಸ್ಸಾದ ಮೇಲೆ ಎಲ್ಲರಿಗೂ ದೊಡ್ಡದಾಗುತ್ತಾ? ಮುಂದೆ ಅದೇ ಕ್ಯಾನ್ಸರ್ ಆಗುತ್ತಾ?

ಹೆಚ್ಚು ಕಡಿಮೆ ಎಲ್ಲರಿಗೂ ಬೆಳೆಯುತ್ತದೆ. ಐವತ್ತು ದಾಟಿ ಅರವತ್ತರ ಹತ್ತಿರ ಬಂದವರಲ್ಲಿ ಸುಮಾರು ಅರ್ಧ ಜನರಿಗೆ, ಎಂಬತ್ತು ದಾಟಿದವರಲ್ಲಿ ಬಹುತೇಕ ಎಲ್ಲರಿಗೂ. ಆದರೆ ಗ್ರಂಥಿ ಬೆಳೆದವರೆಲ್ಲರಿಗೂ ತ್ರಾಸ ಆಗುವುದಿಲ್ಲ. ದೊಡ್ಡ ಗ್ರಂಥಿ ಇದ್ದರೂ ಆರಾಮಾಗಿರುವವರಿದ್ದಾರೆ, ಸಣ್ಣದಿದ್ದರೂ ಒದ್ದಾಡುವವರಿದ್ದಾರೆ.

ಎರಡನೇ ಪ್ರಶ್ನೆಗೆ ಉತ್ತರ: ಇಲ್ಲ. ವಯಸ್ಸಿನಿಂದ ಆಗುವ ಈ ಬೆಳವಣಿಗೆ ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಆದರೆ ಎರಡೂ ಒಂದೇ ವಯಸ್ಸಿನಲ್ಲಿ ಬರುವುದರಿಂದ ಒಬ್ಬನಿಗೇ ಎರಡೂ ಇರಬಹುದು. ಹಾಗಾಗಿ ಒಮ್ಮೆ ತೋರಿಸಿಕೊಳ್ಳಬೇಕು.

ರಾತ್ರಿ ನಾಲ್ಕು ಸಲ ಏಳುತ್ತೇನೆ. ಇದು ಪ್ರಾಸ್ಟೇಟೇ ಅಲ್ವಾ?

ಇರಬಹುದು, ಇಲ್ಲದಿರಬಹುದು. ಈ ಪ್ರಶ್ನೆಗೆ ಅವಸರದ ಉತ್ತರ ಬೇಡ, ಯಾಕೆಂದರೆ ಇಲ್ಲಿಯೇ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಶುಗರ್ ಹೆಚ್ಚಾದರೂ ರಾತ್ರಿ ಮೂತ್ರ ಹೆಚ್ಚುತ್ತದೆ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಸಂಜೆ ತೆಗೆದುಕೊಂಡರೂ ಅಷ್ಟೇ. ಹೃದಯದ ತೊಂದರೆ, ಕಾಲು ಬಾವು, ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವ ತೊಂದರೆ, ಇವೂ ರಾತ್ರಿ ಎಬ್ಬಿಸುತ್ತವೆ. ನಿದ್ದೆಯೇ ಬಾರದವನು ಎಚ್ಚರ ಇದ್ದದ್ದಕ್ಕೆ ಎದ್ದು ಹೋಗುವುದೂ ಉಂಟು.

ಇದನ್ನು ಪತ್ತೆ ಹಚ್ಚಲು ಮನೆಯಲ್ಲೇ ಒಂದು ಕೆಲಸ ಮಾಡಬಹುದು. ಅಳತೆ ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಮಗ್ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ. ಮೂರು ದಿನ, ಹಗಲು ರಾತ್ರಿ, ಪ್ರತಿ ಸಲ ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಮಿಲಿ ಬಂತು, ಅದರ ಮೊದಲು ಏನು ಕುಡಿದಿದ್ದಿರಿ ಅಂತ ಮೊಮ್ಮಗನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬರುತ್ತಿದ್ದರೆ ದೇಹ ರಾತ್ರಿ ಹೆಚ್ಚು ನೀರು ಹೊರಗೆ ಹಾಕುತ್ತಿದೆ ಅಂತ ಅರ್ಥ. ಆಗ ಪ್ರಾಸ್ಟೇಟ್ ಗುಳಿಗೆಯಿಂದ ಹೆಚ್ಚು ಪ್ರಯೋಜನ ಆಗದು. ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಬಂದು, ಹಗಲಲ್ಲೂ ಹಾಗೇ ಇದ್ದರೆ ಪ್ರಾಸ್ಟೇಟ್ ಅಥವಾ ಮೂತ್ರಕೋಶದ ಕಡೆ ನೋಡಬೇಕು. ಈ ಮೂರು ದಿನದ ಹಾಳೆ ತೆಗೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಹಗುರ.

ನೈಸರ್ಗಿಕವಾಗಿ ಇದನ್ನು ಪೂರ್ತಿ ಗುಣ ಮಾಡಬಹುದಾ?

ಬೆಳೆದ ಗ್ರಂಥಿಯನ್ನು ಮತ್ತೆ ಹಳೆಯ ಅಳತೆಗೆ ತರುವ ಬೇರು, ಎಲೆ, ಕಷಾಯ ಯಾವುದೂ ಇಲ್ಲ. ಆದರೆ ತ್ರಾಸ ಕಡಿಮೆ ಮಾಡಿಕೊಳ್ಳುವುದು ಬಹಳಷ್ಟು ನಮ್ಮ ಕೈಯಲ್ಲೇ ಇದೆ. ಯಾವ ಹೊತ್ತಿಗೆ ಕುಡಿಯುತ್ತೇವೆ, ಹೊಟ್ಟೆ ಕಟ್ಟುತ್ತದೋ ಇಲ್ಲವೋ, ದಿನಕ್ಕೆ ಎಷ್ಟು ನಡೆಯುತ್ತೇವೆ, ಸೊಂಟದ ಸುತ್ತಳತೆ ಎಷ್ಟಿದೆ, ಇದರ ಮೇಲೆ ಹೋಗುತ್ತದೆ. ತ್ರಾಸ ಸ್ವಲ್ಪವೇ ಇದ್ದರೆ ಡಾಕ್ಟರುಗಳೂ ಮೊದಲು ಇದನ್ನೇ ಹೇಳುತ್ತಾರೆ, ಗುಳಿಗೆ ಆಮೇಲೆ. ನಾನು ನಾಲ್ಕು ಸಲ ಏಳುತ್ತಿದ್ದವನು ಈಗ ಒಂದು ಸಲ, ಕೆಲವೊಮ್ಮೆ ಎರಡು ಸಲ ಏಳುತ್ತೇನೆ. ಆದರೆ ಮೊದಲು ತಪಾಸಣೆ ಮಾಡಿಸಿಕೊಂಡೇ ಇದನ್ನು ಶುರು ಮಾಡಿದ್ದು.

## ನೀರು, ಚಹಾ, ರಾತ್ರಿಯ ನಿದ್ದೆ

ನೀರು ಕುಡಿಯೋದೇ ಕಡಿಮೆ ಮಾಡಿದ್ದೇನೆ, ಆದರೂ ಕಡಿಮೆ ಆಗ್ತಿಲ್ಲ. ಯಾಕೆ?

ಅದನ್ನು ಇವತ್ತೇ ಬಿಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ, ಗಾಢ ಹಳದಿಯಾಗಿ, ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ. ಕಲ್ಲು ಆಗುವ ಭಯ ಬೇರೆ. ಸೋಂಕು ಬರಲೂ ದಾರಿ.

ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ. ಬೆಳಿಗ್ಗೆ ಎದ್ದು ಒಂದು ಚರಗಿ, ಹೊಲಕ್ಕೆ ಹೋಗುವಾಗ ಬಾಟಲಿ ತುಂಬ, ಮಧ್ಯಾಹ್ನ ಊಟದ ಜೊತೆ ಮಜ್ಜಿಗೆ. ಹೀಗೆ ಸಂಜೆ ಐದು, ಆರರೊಳಗೆ ದಿನದ ನೀರಿನ ಬಹುಪಾಲು ಮುಗಿಸಿ. ರಾತ್ರಿ ಊಟಕ್ಕೆ ಗುಟುಕು ಸಾಕು. ಮಲಗುವ ಎರಡು ಮೂರು ತಾಸು ಮೊದಲು ಚರಗಿ ಎತ್ತಿ ಗಟಗಟ ಕುಡಿಯುವುದು ಬೇಡ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸರಿ ಇದೆ ಅಂತ ತಿಳಿಯಿರಿ. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರಿನ ಲೆಕ್ಕ ಹೇಳಿಸಿಕೊಂಡವರು ಆ ಲೆಕ್ಕವನ್ನೇ ಪಾಲಿಸಿ.

ಇನ್ನೊಂದು ಮಾತು. ರಾತ್ರಿ ಹಾಲು ಕುಡಿಯುವ ರೂಢಿ, ಕಲ್ಲಂಗಡಿ ಹಣ್ಣು, ತೆಳ್ಳನೆಯ ಅಂಬಲಿ, ಇವೆಲ್ಲ ನೀರೇ. ಇವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆಯುತ್ತಾರೆ.

ಚಹಾ ಬಿಡಬೇಕಾ? ಅದೊಂದು ಮಾತ್ರ ಹೇಳಬೇಡಿ.

ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. ಚಹಾ, ಕಾಫಿಯಲ್ಲಿರುವ ಕೆಫೀನ್ ಮೂತ್ರವನ್ನೂ ಹೆಚ್ಚಿಸುತ್ತದೆ, ಮೂತ್ರಕೋಶವನ್ನೂ ಕೆರಳಿಸುತ್ತದೆ. ದಿನಕ್ಕೆ ಆರು ಸಲ ಕುಡಿಯುವವರು ಎರಡಕ್ಕೆ ಇಳಿಸಿ. ಕೊನೆಯ ಚಹಾ ಮಧ್ಯಾಹ್ನ ಮೂರರೊಳಗೆ ಮುಗಿಯಲಿ. ಸಂಜೆ ಕಟ್ಟೆಯ ಮೇಲೆ ನಾಲ್ಕು ಜನ ಕೂತಾಗ ಬರುವ ಚಹಾವೇ ರಾತ್ರಿ ಎರಡು ಗಂಟೆಗೆ ಎಬ್ಬಿಸುವುದು. ಒಂದೇ ಸಲ ನಿಲ್ಲಿಸಿದರೆ ಎರಡು ಮೂರು ದಿನ ತಲೆನೋವು ಬರುತ್ತದೆ. ವಾರಕ್ಕೆ ಒಂದು ಕಪ್ ಅಂತ ಇಳಿಸುತ್ತಾ ಬನ್ನಿ.

ಸಂಜೆ ಹೊತ್ತಿಗೆ ಕಾಲು ಬಾತಿರುತ್ತವೆ. ಅದಕ್ಕೂ ರಾತ್ರಿ ಏಳೋದಕ್ಕೂ ಸಂಬಂಧ ಇದೆಯಾ?

ಇದೆ. ದಿನವಿಡೀ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬರುತ್ತದೆ, ಕಿಡ್ನಿ ಅದನ್ನು ಮೂತ್ರ ಮಾಡಿ ಕಳಿಸುತ್ತದೆ. ಮಧ್ಯಾಹ್ನದ ನಂತರ ಒಂದು ತಾಸು ದಿಂಬಿನ ಮೇಲೆ ಕಾಲು ಎತ್ತಿಟ್ಟು ಒರಗಿಕೊಳ್ಳಿ. ಆ ನೀರು ಮಲಗುವ ಮೊದಲೇ ಹೋಗಿರುತ್ತದೆ. ರಾತ್ರಿ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ ಅದರ ಹೊತ್ತು ಬದಲಿಸಬಹುದಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಬಾವು ಹೊಸದಾಗಿ ಬಂದಿದ್ದರೆ, ಜೊತೆಗೆ ಏದುಸಿರು ಇದ್ದರೆ ಮೊದಲು ಹೃದಯ, ಕಿಡ್ನಿ ತೋರಿಸಿ.

ನಿಂತು ಹೋಗಬೇಕಾ, ಕೂತು ಹೋಗಬೇಕಾ? ಮುಗಿದ ಮೇಲೂ ಪಂಚೆ ಒದ್ದೆ ಆಗುತ್ತೆ.

ಕೂತು ಹೋಗಿ. ನೆದರ್ಲೆಂಡ್ಸ್‌ನವರು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2014ರಲ್ಲಿ ನೋಡಿದರು. ಆರೋಗ್ಯವಂತರಿಗೆ ಹೇಗೆ ಹೋದರೂ ವ್ಯತ್ಯಾಸ ಇಲ್ಲ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ಮಾತ್ರ ಕೂತು ಹೋದರೆ ಒಳಗೆ ಉಳಿಯುವ ಮೂತ್ರ ಕಡಿಮೆ. ಕೂತಾಗ ಹೊಟ್ಟೆ, ತೊಡೆಯ ಸ್ನಾಯು ಸಡಿಲಾಗುತ್ತವೆ. ಮೊಣಕಾಲು ನೋವಿದ್ದವರು ಕಮೋಡ್ ಅಥವಾ ತೂತಿನ ಕುರ್ಚಿ ಬಳಸಿ.

ಅವಸರ ಮಾಡಬೇಡಿ, ತಿಣುಕಬೇಡಿ. ಮುಗಿದ ಮೇಲೆ ಅರ್ಧ ನಿಮಿಷ ಹಾಗೇ ಕೂತು, ಮತ್ತೊಮ್ಮೆ ಪ್ರಯತ್ನಿಸಿ. ಎರಡನೇ ಸಲ ಎಷ್ಟು ಬರುತ್ತದೆ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಇನ್ನು ಪಂಚೆ ಒದ್ದೆ ಆಗುವುದು ನಾಳದ ಬಾಗಿನಲ್ಲಿ ನಿಂತ ನಾಲ್ಕು ಹನಿಯಿಂದ. ವೃಷಣದ ಚೀಲದ ಹಿಂದೆ ಎರಡು ಬೆರಳಿಟ್ಟು, ಮೆಲ್ಲಗೆ ಮೇಲಕ್ಕೆ ಒತ್ತಿ ಮುಂದಕ್ಕೆ ತನ್ನಿ. ಆ ಹನಿ ಅಲ್ಲೇ ಬಿದ್ದು ಹೋಗುತ್ತದೆ. ನನಗೆ ಇದನ್ನು ಒಬ್ಬ ನರ್ಸ್ ಹೇಳಿಕೊಟ್ಟರು. ಐದು ವರ್ಷ ಮೊದಲೇ ಯಾರಾದರೂ ಹೇಳಬಾರದಿತ್ತಾ ಅನ್ನಿಸಿತು.

ಬಸ್ಸಿನಲ್ಲಿ ಹೋಗೋದೇ ಬಿಟ್ಟಿದ್ದೇನೆ. ಮಗಳ ಊರು ಬೆಳಗಾವಿ, ನಾಲ್ಕೈದು ತಾಸು ಹೇಗೆ ತಡೆಯಲಿ?

ಈ ಪ್ರಶ್ನೆ ಬಂದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಮದುವೆ, ಜಾತ್ರೆ, ಮೊಮ್ಮಗಳ ಹೆಸರಿಡುವುದು, ಎಲ್ಲವನ್ನೂ ಬಿಟ್ಟು ಮನೆಯಲ್ಲಿ ಕೂರುವವರಿದ್ದಾರೆ. ಬಾಯಿ ಬಿಟ್ಟು ಕಾರಣ ಹೇಳುವುದಿಲ್ಲ, ಆರಾಮಿಲ್ಲ ಅನ್ನುತ್ತಾರೆ.

ಮೂತ್ರಕೋಶಕ್ಕೆ ರೂಢಿ ಮಾಡಿಸಬಹುದು. ಈಗ ತಾಸಿಗೊಮ್ಮೆ ಹೋಗುತ್ತಿದ್ದರೆ, ಅವಸರ ಬಂದ ಕೂಡಲೇ ಓಡದೆ ಕೂತಲ್ಲೇ ಇರಿ, ಗುದದ ಸ್ನಾಯುವನ್ನು ನಾಲ್ಕೈದು ಸಲ ಬಿಗಿದು ಬಿಡಿ, ನಿಧಾನ ಉಸಿರಾಡಿ. ಅವಸರ ಅಲೆಯಂತೆ ಬಂದು ಇಳಿಯುತ್ತದೆ. ಇಳಿದ ಮೇಲೆ ಹೋಗಿ. ಹೀಗೆ ವಾರಕ್ಕೆ 15 ನಿಮಿಷದಂತೆ ಅಂತರ ಹೆಚ್ಚಿಸುತ್ತಾ ಹೋದರೆ ಒಂದೆರಡು ತಿಂಗಳಲ್ಲಿ ಎರಡು ಮೂರು ತಾಸಿಗೆ ಬರಬಹುದು. ಇದು ಅವಸರದ ತೊಂದರೆ ಇರುವವರಿಗೆ. ಮೂತ್ರ ಹೊರಗೇ ಬಾರದೆ ಹೊಟ್ಟೆ ಉಬ್ಬುವವರು ತಡೆದು ಹಿಡಿಯಲೇಬಾರದು.

ಹೊರಡುವ ದಿನ ಚಹಾ ಬಿಡಿ, ಹೊರಡುವ ಮುಂಚೆ ಎರಡು ಸಲ ಕೂತು ಬನ್ನಿ, ನಡುವೆ ನಿಲ್ಲುವ ಬಸ್ಸು ನೋಡಿ ಹತ್ತಿ. ಕಂಡಕ್ಟರಿಗೆ ಮೊದಲೇ ಒಂದು ಮಾತು ಹೇಳಿದರೆ ಬಹಳ ಜನ ನಿಲ್ಲಿಸುತ್ತಾರೆ. ಅವರ ಮನೆಯಲ್ಲೂ ಹಿರಿಯರಿದ್ದಾರೆ.

## ಊಟ

ನಮ್ಮ ಊಟದಲ್ಲಿ ಪ್ರಾಸ್ಟೇಟಿಗೆ ಒಳ್ಳೆಯದು ಯಾವುದು? ಹೊರಗಿನದು ಬೇಡ, ಮನೆಯಲ್ಲಿರೋದು ಹೇಳಿ.

ನಮ್ಮ ಅವ್ವಂದಿರು ಹಾಕುತ್ತಿದ್ದ ಊಟವೇ ಸಾಕು. ಬಿಳಿ ಜೋಳದ ರೊಟ್ಟಿ, ಒಂದು ಸೊಪ್ಪಿನ ಪಲ್ಯ (ಮೆಂತೆ, ಪುಂಡಿ, ರಾಜಗಿರಿ, ಕಿರಕಸಾಲಿ, ಯಾವುದಾದರೂ), ಒಂದು ಕಾಳು, ಹಸಿ ಪಚಡಿ, ಮೊಸರು, ಅಗಸಿ ಹಿಂಡಿ. ಇದರಲ್ಲಿ ನಾರು ಹೇರಳ. ನಾರಿನ ಮಾತು ಯಾಕೆಂದರೆ, ಮಲ ಗಟ್ಟಿಯಾಗಿ ಗುದದಲ್ಲಿ ನಿಂತರೆ ಅದು ಮುಂದಿರುವ ಮೂತ್ರಕೋಶವನ್ನು, ನಾಳವನ್ನು ಒತ್ತುತ್ತದೆ. ಹೊಟ್ಟೆ ಕಟ್ಟಿದ ದಿನವೇ ಮೂತ್ರವೂ ಕಟ್ಟುವುದನ್ನು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಹಲ್ಲಿಲ್ಲದವರು ಕಡಕ್ ರೊಟ್ಟಿ ಬಿಟ್ಟು, ಬರೀ ಅನ್ನ ಸಾರಿಗೆ ಇಳಿದ ಮೇಲೆ ಈ ತೊಂದರೆ ಶುರುವಾಗುತ್ತದೆ. ಅಂಥವರು ರೊಟ್ಟಿಯನ್ನು ಬೇಳೆ ಸಾರಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿನ್ನಲಿ. ನಮ್ಮ ಜಿಲ್ಲೆಯ ಒಣದ್ರಾಕ್ಷಿ ಹತ್ತು ಹನ್ನೆರಡು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿಂದರೆ ಹೊಟ್ಟೆ ಸಡಿಲಾಗುತ್ತದೆ. ಶುಗರ್ ಇದ್ದವರು ಇದನ್ನು ಬಿಟ್ಟು ಅಗಸಿ ಹಿಂಡಿ ಹೆಚ್ಚು ಮಾಡಿಕೊಳ್ಳಿ.

ಟೊಮೆಟೊ ಬಗ್ಗೆ ಬಹಳ ಕೇಳುತ್ತಾರೆ. ಅದರ ಕೆಂಪು ಬಣ್ಣದ ಲೈಕೋಪಿನ್ ಎಣ್ಣೆಯಲ್ಲಿ ಬೇಯಿಸಿದಾಗ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಆದರೆ ಟೊಮೆಟೊ ಚಟ್ನಿ ತಿಂದರೆ ಕೆಡುಕಂತೂ ಇಲ್ಲ, ಹಾಗಾಗಿ ತಿನ್ನಿ. ಲೈಕೋಪಿನ್ ಗುಳಿಗೆಗೆ ದುಡ್ಡು ಹಾಕಬೇಡಿ.

ಖಾರ ಬಿಡಬೇಕಾ?

ಎಲ್ಲರೂ ಬಿಡಬೇಕಿಲ್ಲ. ಕೆಲವರಿಗೆ ಖಾರ ಮೂತ್ರಕೋಶವನ್ನು ಕೆರಳಿಸುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಎರಡು ವಾರ ಕೆಂಪು ಖಾರ, ಹಸಿಮೆಣಸಿನ ಚಟ್ನಿ ಅರ್ಧಕ್ಕೆ ಇಳಿಸಿ ನೋಡಿ. ಅವಸರ, ಉರಿ ಕಡಿಮೆಯಾದರೆ ಹಾಗೇ ಮುಂದುವರಿಸಿ. ವ್ಯತ್ಯಾಸ ಕಾಣದಿದ್ದರೆ ಮೊದಲಿನಂತೆ ತಿನ್ನಿ.

ಕುಂಬಳಕಾಯಿ ಬೀಜ ತಿಂದರೆ ಕಡಿಮೆ ಆಗುತ್ತಂತೆ, ನಿಜನಾ?

ಸ್ವಲ್ಪ ನಿಜ. ಜರ್ಮನಿಯಲ್ಲಿ 1,400ಕ್ಕೂ ಹೆಚ್ಚು ಗಂಡಸರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಎರಡು ಸಲ 5 ಗ್ರಾಂ ಬೀಜ ತಿಂದವರಿಗೆ, ಔಷಧಿ ಇಲ್ಲದ ಹುಸಿ ಗುಳಿಗೆ ತಿಂದವರಿಗಿಂತ ಸ್ವಲ್ಪ ಹೆಚ್ಚು ಆರಾಮ ಕಂಡಿತು. ಅದೇ ಬೀಜದ ಸಾರ ತುಂಬಿದ ಕ್ಯಾಪ್ಸೂಲಿನಿಂದ ಹಾಗೆ ಕಾಣಲಿಲ್ಲ. ಅಂದರೆ ಬೀಜವೇ ತಿನ್ನಿ, ಕ್ಯಾಪ್ಸೂಲ್ ಬೇಡ. ಮನೆಯಲ್ಲಿ ಕುಂಬಳಕಾಯಿ ಗಾರಿಗೆ ಮಾಡಿದ ದಿನ ಬೀಜ ತಿಪ್ಪೆಗೆ ಹಾಕುತ್ತಾರೆ, ಅಲ್ವಾ? ತೊಳೆದು, ನೆರಳಲ್ಲಿ ಒಣಗಿಸಿ, ಸುಲಿದು, ಬಾಣಲೆಯಲ್ಲಿ ಉಪ್ಪಿಲ್ಲದೆ ಬೆಚ್ಚಗೆ ಮಾಡಿ ಡಬ್ಬಿಯಲ್ಲಿಡಿ. ದಿನಕ್ಕೆ ಒಂದು ಸಣ್ಣ ಮುಷ್ಟಿ ಸಾಕು. ಚಮತ್ಕಾರ ನಿರೀಕ್ಷಿಸಬೇಡಿ, ಮೂರು ತಿಂಗಳು ತಿಂದು ನೋಡಿ.

ಹವೀಜದ (ಕೊತ್ತಂಬರಿ ಬೀಜದ) ನೀರು, ಜವೆಗೋಧಿ ನೀರು ಕುಡಿಯಬಹುದಾ?

ಕುಡಿಯಿರಿ, ಹಗಲಿನಲ್ಲಿ. ಬೇಸಿಗೆಯಲ್ಲಿ ಹೊಟ್ಟೆಗೆ ತಂಪು, ನೀರೂ ದೇಹಕ್ಕೆ ಸೇರುತ್ತದೆ. ಆದರೆ ಉರಿಮೂತ್ರ ಎರಡು ದಿನ ದಾಟಿತು, ಚಳಿಜ್ವರ ಬಂತು, ಮೂತ್ರ ಮಬ್ಬಾಗಿ ವಾಸನೆ ಬರುತ್ತಿದೆ ಅಂದರೆ ಅದು ಉಷ್ಣ ಅಲ್ಲ, ಸೋಂಕು. ಮೂತ್ರ ಪರೀಕ್ಷೆ ಮಾಡಿಸಿ.

ಸಂಜೆ ಒಂದು ಪೆಗ್ ತಗೊಂಡರೆ ಮೂತ್ರ ಸಲೀಸಾಗಿ ಬರುತ್ತೆ ಅಂತಾರಲ್ಲ?

ಬರುವುದು ಸಲೀಸಾಗಿ ಅಲ್ಲ, ಜಾಸ್ತಿ. ಒಮ್ಮೆಗೇ ಮೂತ್ರಕೋಶ ತುಂಬಿ, ನಶೆಯಲ್ಲಿ ಅರಿವಾಗದೆ ಉಬ್ಬಿ, ಪೂರ್ತಿ ಕಟ್ಟಿಕೊಂಡು ಮಧ್ಯರಾತ್ರಿ ದವಾಖಾನೆಗೆ ಬಂದವರನ್ನು ನೋಡಿದ್ದೇನೆ. ಗುಟ್ಕಾ, ಬೀಡಿ, ತಂಬಾಕಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಬೀಡಿ, ಸಿಗರೇಟಿನ ವಿಷ ಮೂತ್ರದ ದಾರಿಯಲ್ಲೇ ಹೊರಗೆ ಹೋಗುವುದು, ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ.

## ನಡಿಗೆ, ವ್ಯಾಯಾಮ, ಸಂಸಾರ

ಹೊಲದಲ್ಲಿ ದುಡಿದವನು ನಾನು. ಈಗ ವಾಕಿಂಗ್ ಬೇರೆ ಬೇಕಾ?

ದುಡಿಯುತ್ತಿದ್ದಾಗ ಬೇಕಿರಲಿಲ್ಲ. ಈಗ ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ, ನೀವು ಕಟ್ಟೆಯ ಮೇಲೆ ಕೂತಿದ್ದೀರಿ, ಊಟ ಮಾತ್ರ ಅಂದಿನಷ್ಟೇ. ಅಮೆರಿಕದಲ್ಲಿ ಸಾವಿರಾರು ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಒಂದು ವರದಿ ಬಂತು. ವಾರಕ್ಕೆ ಎರಡು ಮೂರು ತಾಸು ನಡೆಯುತ್ತಿದ್ದವರಲ್ಲಿ ಈ ತೊಂದರೆ ಸುಮಾರು ಕಾಲು ಭಾಗ ಕಡಿಮೆ ಇತ್ತು. ವಾರಕ್ಕೆ ಎರಡು ಮೂರು ತಾಸು ಅಂದರೆ ದಿನಕ್ಕೆ 20, 25 ನಿಮಿಷ, ಅಷ್ಟೇ.

ವಿಜಯಪುರದಲ್ಲಿ ಗೋಳಗುಮ್ಮಟದ ಸುತ್ತ, ಬೆಳಗಾವಿಯಲ್ಲಿ ಕೋಟೆ ಕೆರೆಯ ದಂಡೆಯಲ್ಲಿ, ಬಾಗಲಕೋಟೆ ನವನಗರದ ಅಗಲ ರಸ್ತೆಗಳಲ್ಲಿ ಬೆಳಿಗ್ಗೆ ಎಷ್ಟು ಜನ ನಡೆಯುತ್ತಾರೆ ನೋಡಿ. ಹಳ್ಳಿಯಲ್ಲಿದ್ದರೆ ಗುಡಿಯ ತನಕ ಹೋಗಿ ಬನ್ನಿ. ಬೇಸಿಗೆಯಲ್ಲಿ ಏಳರೊಳಗೆ ಮುಗಿಸಿ. ಹೊಟ್ಟೆಯ ಸುತ್ತಳತೆ ಇಳಿದರೆ ಪ್ರಾಸ್ಟೇಟಿಗಷ್ಟೇ ಅಲ್ಲ, ಶುಗರ್, ಬಿಪಿಗೂ ಒಳ್ಳೆಯದು.

ಯೋಗದಲ್ಲಿ ಇದಕ್ಕೆ ಏನಾದರೂ ಇದೆಯಾ?

ಮೂಲಬಂಧ ಅಂತ ಯೋಗದವರು ಹೇಳಿಕೊಡುವುದು ಮತ್ತು ದವಾಖಾನೆಯಲ್ಲಿ ಕೀಗಲ್ ವ್ಯಾಯಾಮ ಅಂತ ಹೇಳಿಕೊಡುವುದು ಬಹಳ ಹತ್ತಿರದವು. ಕೀಗಲ್ ಅನ್ನುವ ಅಮೆರಿಕದ ಡಾಕ್ಟರ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಅದನ್ನು ಬರೆದದ್ದು, ಈಗ ಗಂಡಸರಿಗೂ ಹೇಳುತ್ತಾರೆ. ಹೂಸು ತಡೆಯುವಾಗ ಯಾವ ಸ್ನಾಯು ಬಿಗಿಯುತ್ತೀರೋ ಅದೇ ಸ್ನಾಯು. ಐದು ಎಣಿಸುವ ತನಕ ಬಿಗಿ ಹಿಡಿಯಿರಿ, ಐದು ಎಣಿಸುವ ತನಕ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ಪೃಷ್ಠ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಮೂತ್ರ ಬರುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ. ಹನಿ ಬೀಳುವವರಿಗೆ, ಅವಸರದವರಿಗೆ, ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಇದು ಚೆನ್ನಾಗಿ ಉಪಯೋಗ ಆಗುತ್ತದೆ. ಎಂಟು ಹತ್ತು ವಾರ ಬೇಕು. ಬಿಗಿಯುವಷ್ಟೇ ಬಿಡುವುದೂ ಮುಖ್ಯ.

ಕೇಳಲು ನಾಚಿಕೆ. ಈ ವಯಸ್ಸಲ್ಲಿ ಹೆಂಡತಿಯ ಜೊತೆ ಸೇರಿದರೆ ಪ್ರಾಸ್ಟೇಟ್ ಹೆಚ್ಚಾಗುತ್ತಾ?

ನಾಚಿಕೆ ಬೇಡ, ಹೆಚ್ಚಾಗುವುದಿಲ್ಲ. 2016ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ತಿಂಗಳಿಗೆ ವೀರ್ಯ ಹೆಚ್ಚು ಸಲ ಹೊರಹೋಗುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಐದನೇ ಒಂದು ಭಾಗ ಕಡಿಮೆ ಕಂಡಿತು. ಇದರಿಂದಲೇ ಕಡಿಮೆಯಾಯಿತು ಅಂತ ಆ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೆ ಹೆದರಿ ದೂರ ಮಲಗುವ ಅಗತ್ಯ ಇಲ್ಲ.

## ಪುಡಿ, ಕಷಾಯ, ಗುಳಿಗೆ

ನೆಗ್ಗಿಲು ಮುಳ್ಳಿನ ಕಷಾಯ, ಚಂದ್ರಪ್ರಭಾ ವಟಿ ತೆಗೆದುಕೊಳ್ಳಬಹುದಾ?

ಹೊಲದ ದಾರಿಯಲ್ಲಿ ಅಂಗಾಲಿಗೆ ಚುಚ್ಚುವ ಆ ಮೂಲೆಮೂಲೆಯ ಮುಳ್ಳಿನ ಕಾಯಿಯೇ ಆಯುರ್ವೇದದ ಗೋಕ್ಷುರ. ಮೂತ್ರದ ತೊಂದರೆಗೆ ಅದನ್ನು, ವರುಣ ಅನ್ನುವ ಮರದ ತೊಗಟೆಯನ್ನು, ಚಂದ್ರಪ್ರಭಾ ವಟಿಯನ್ನು ಆಯುರ್ವೇದದವರು ಬಹಳ ಕಾಲದಿಂದ ಕೊಡುತ್ತಾ ಬಂದಿದ್ದಾರೆ. ಕೆಲವರು ಆರಾಮ ಅನ್ನುತ್ತಾರೆ. ಆದರೆ ದೊಡ್ಡ ಪ್ರಮಾಣದ ಗಟ್ಟಿ ಅಧ್ಯಯನ ಇದರ ಹಿಂದೆ ಇಲ್ಲ. ತೆಗೆದುಕೊಳ್ಳುವುದಾದರೆ ಓದಿದ ಆಯುರ್ವೇದ ವೈದ್ಯರಿಂದ ತೆಗೆದುಕೊಳ್ಳಿ, ಬಿಪಿ ಮತ್ತು ಶುಗರ್ ಗುಳಿಗೆ ನುಂಗುತ್ತಿರುವುದನ್ನು ಅವರಿಗೆ ಹೇಳಿ, ಕಷಾಯ ಕುಡಿಯುತ್ತಿರುವುದನ್ನು ಇತ್ತ ಡಾಕ್ಟರಿಗೂ ಹೇಳಿ.

ಸಂತೆಯಲ್ಲಿ, ಫೋನಿನಲ್ಲಿ "ಗ್ಯಾರಂಟಿ, 40 ದಿನದಲ್ಲಿ ಆಪರೇಷನ್ ಇಲ್ಲದೆ" ಅಂತ ಹೆಸರಿಲ್ಲದ ಪುಡಿ ಮಾರುವವರಿಂದ ಮಾತ್ರ ದೂರ ಇರಿ. ಅಂಥ ಪುಡಿಗಳಲ್ಲಿ ಸೀಸ, ಪಾದರಸ, ಸ್ಟೀರಾಯ್ಡ್ ಸಿಕ್ಕಿದ್ದುಂಟು. ಕಿಡ್ನಿಗೆ ಪೆಟ್ಟು ಬಿದ್ದರೆ ಪ್ರಾಸ್ಟೇಟ್ ತೊಂದರೆಯೇ ಸಣ್ಣದಾಗಿ ಕಾಣುತ್ತದೆ.

ಮಗ ಫಾರಿನ್‌ನಿಂದ ಸಾ ಪಾಮೆಟ್ಟೊ, ವಿಟಮಿನ್ ಇ, ಝಿಂಕ್ ಗುಳಿಗೆ ಕಳಿಸಿದ್ದಾನೆ. ತಗೊಳ್ಳಲಾ?

ಮಗನ ಪ್ರೀತಿ ದೊಡ್ಡದು, ಗುಳಿಗೆ ಮಾತ್ರ ಕಪಾಟಿನಲ್ಲೇ ಇರಲಿ. ಸಾ ಪಾಮೆಟ್ಟೊ ಅಮೆರಿಕದ ಒಂದು ಸಣ್ಣ ತಾಳೆಯ ಜಾತಿಯ ಗಿಡದ ಹಣ್ಣು. 2006 ಮತ್ತು 2011ರಲ್ಲಿ ಬಂದ ಎರಡು ಒಳ್ಳೆಯ ಅಧ್ಯಯನಗಳಲ್ಲಿ ಅದು ಹುಸಿ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಎರಡನೆಯದರಲ್ಲಿ ಮೂರು ಪಟ್ಟು ಕೊಟ್ಟು ನೋಡಿದರೂ ಅಷ್ಟೇ.

ವಿಟಮಿನ್ ಇ ವಿಷಯ ಇನ್ನೂ ಗಂಭೀರ. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಎಂಬ ಅಧ್ಯಯನ, ವಿಟಮಿನ್ ಇ ಮತ್ತು ಸೆಲೆನಿಯಂ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತವಾ ಅಂತ ನೋಡಲು 2001ರಲ್ಲಿ ಶುರುವಾಗಿತ್ತು. ಲಾಭ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ಲೆಕ್ಕ ಹಾಕಿದಾಗ ವಿಟಮಿನ್ ಇ ಮಾತ್ರ ತಿಂದವರಲ್ಲಿ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚು ಇತ್ತು. ಝಿಂಕ್ ಕೂಡ ದಿನಕ್ಕೆ 100 ಮಿಲಿಗ್ರಾಂ ದಾಟಿ ವರ್ಷಗಟ್ಟಲೆ ತಿಂದವರಲ್ಲಿ ಒಳ್ಳೆಯ ಫಲ ಕಂಡಿಲ್ಲ. ಶೇಂಗಾ, ಎಳ್ಳು, ಕಾಳಿನಲ್ಲಿ ಇರುವ ಝಿಂಕ್ ಸಾಕು.

ನೆಗಡಿಗೆ ಎರಡು ಗುಳಿಗೆ ತಗೊಂಡೆ, ರಾತ್ರಿ ಮೂತ್ರವೇ ನಿಂತುಬಿಟ್ಟಿತು. ಇದು ಹೇಗೆ?

ಇದೇ ನನ್ನ ಅಪ್ಪನಿಗೂ ಆಯಿತು. ಎಂಬತ್ತರ ಹತ್ತಿರದ ವಯಸ್ಸು. ಎರಡು ವರ್ಷದಿಂದ ರಾತ್ರಿ ಹಿತ್ತಲಲ್ಲಿ ಒಂದು ಕೈ ಗೋಡೆಗೆ ಊರಿ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ಐದೈದು ನಿಮಿಷ ನಿಲ್ಲುತ್ತಿದ್ದರು. ಆ ಟಾರ್ಚಿನ ಬೆಳಕು ಅಲುಗದೆ ನೆಲದ ಮೇಲೆ ಬಿದ್ದಿರುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ. ಕೇಳಿದರೆ, "ಏನಿಲ್ಲೋ ತಮ್ಮಾ, ಗಾಳಿಗೆ ನಿಂತೀನಿ" ಅನ್ನುತ್ತಿದ್ದರು. ನಾನು ಊರಲ್ಲಿಲ್ಲದ ಒಂದು ದಿನ ನೆಗಡಿಯಾಗಿ, ಅಂಗಡಿಯಿಂದ ಚೀಟಿ ಇಲ್ಲದೆ ಗುಳಿಗೆ ತರಿಸಿ ನುಂಗಿದರು. ಮಧ್ಯರಾತ್ರಿಯ ಹೊತ್ತಿಗೆ ಕಿಬ್ಬೊಟ್ಟೆ ಗಡಿಗೆಯಂತೆ ಉಬ್ಬಿತ್ತು, ಒಂದು ಹನಿ ಬರಲಿಲ್ಲ. ಟೆಂಪೋದಲ್ಲಿ ದವಾಖಾನೆಗೆ ಒಯ್ದು ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ನಳಿಕೆ) ಹಾಕಿಸಬೇಕಾಯಿತು.

ನೆಗಡಿಯ ಗುಳಿಗೆ, ಸಿರಪ್‌ಗಳಲ್ಲಿ ಮೂಗು ಕಟ್ಟಿದ್ದನ್ನು ಬಿಡಿಸಲು ಫಿನೈಲೆಫ್ರಿನ್ ಅಥವಾ ಸ್ಯೂಡೋಎಫೆಡ್ರಿನ್ ಇರುತ್ತದೆ. ಅದು ಮೂತ್ರದ ದಾರಿಯ ಸ್ನಾಯುವನ್ನೂ ಬಿಗಿಯುತ್ತದೆ. ಜೊತೆಗಿರುವ ಕ್ಲೋರ್ಫೆನಿರಮಿನ್ ಮೂತ್ರಕೋಶದ ಒತ್ತುವ ಶಕ್ತಿಯನ್ನು ಕುಗ್ಗಿಸುತ್ತದೆ. ಗೇಟು ಬಿಗಿ, ಪಂಪು ಸುಸ್ತು. ಹಾಗಾಗಿ ಐವತ್ತೈದು ದಾಟಿದ ಯಾರೇ ಆಗಲಿ, ಅಂಗಡಿಯಲ್ಲಿ ನೆಗಡಿ ಗುಳಿಗೆ ಕೇಳುವಾಗ "ನನಗೆ ಪ್ರಾಸ್ಟೇಟ್ ತೊಂದರೆ ಇದೆ" ಅನ್ನುವ ಒಂದು ಮಾತು ಹೇಳಿ. ಬರೀ ಹಬೆ, ಬಿಸಿನೀರು, ಜ್ವರ ಇದ್ದರೆ ಪ್ಯಾರಸಿಟಮಾಲ್, ಇಷ್ಟರಲ್ಲೇ ಬಹುತೇಕ ನೆಗಡಿ ಹೋಗುತ್ತದೆ.

ಡಾಕ್ಟರ್ ಗುಳಿಗೆ ಶುರು ಮಾಡಿದರೆ ಸಾಯೋತನಕ ನುಂಗಬೇಕಾ?

ಬಹಳ ಜನ ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ, ಆದರೆ ಚಟ ಹಿಡಿಸುವ ಗುಳಿಗೆ ಅಲ್ಲ. ಟ್ಯಾಮ್ಸುಲೋಸಿನ್ ಅನ್ನುವ ಗುಳಿಗೆ ಮೂತ್ರದ ದಾರಿಯನ್ನು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಶುರುವಿನಲ್ಲಿ ಎದ್ದ ಕೂಡಲೇ ತಲೆ ತಿರುಗಬಹುದು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಫಿನಾಸ್ಟರೈಡ್ ಗ್ರಂಥಿಯನ್ನೇ ಸ್ವಲ್ಪ ಕುಗ್ಗಿಸುತ್ತದೆ, ಫಲ ಕಾಣಲು ಆರು ತಿಂಗಳು ಹಿಡಿಯುತ್ತದೆ. ಒಂದು ಮಾತು ಮರೆಯಬೇಡಿ. ಕಣ್ಣಿನ ಪೊರೆ ಆಪರೇಷನ್ನಿಗೆ ಹೋಗುವ ಮೊದಲು, ಟ್ಯಾಮ್ಸುಲೋಸಿನ್ ಈಗ ತಿನ್ನುತ್ತಿದ್ದರೂ, ಹಿಂದೆ ತಿಂದಿದ್ದರೂ, ಕಣ್ಣಿನ ಡಾಕ್ಟರಿಗೆ ಹೇಳಿ. ಅದು ಕಣ್ಣಿನ ಪಾಪೆಯ ಸ್ನಾಯುವನ್ನು ಸಡಿಲ ಮಾಡಿರುತ್ತದೆ. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

## ತಪಾಸಣೆ

ಪಿಎಸ್‌ಎ 6 ಬಂದಿದೆ. ಕ್ಯಾನ್ಸರಾ?

ಇದು ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ, ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ. ಆ ಒಂದು ಅಂಕಿಯಿಂದ ಯಾರೂ ಹಾಗೆ ಹೇಳಲು ಬರುವುದಿಲ್ಲ. 4ರ ಒಳಗೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಆದರೆ ಗ್ರಂಥಿ ದೊಡ್ಡದಾಗಿದ್ದರೂ, ಮೂತ್ರದ ಸೋಂಕಿದ್ದರೂ, ಇತ್ತೀಚೆಗೆ ಕ್ಯಾಥೆಟರ್ ಹಾಕಿದ್ದರೂ ಏರುತ್ತದೆ. ಹಿಂದಿನ ಎರಡು ದಿನದಲ್ಲಿ ವೀರ್ಯ ಹೋಗಿದ್ದರೂ, ಸೈಕಲ್ ಜಾಸ್ತಿ ಹೊಡೆದಿದ್ದರೂ ಸ್ವಲ್ಪ ಏರಬಹುದು. ಸೋಂಕು ವಾಸಿಯಾದ ಮೇಲೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸುತ್ತಾರೆ. ಆಗಲೂ ಹೆಚ್ಚಿದ್ದರೆ ಎಂಆರ್‌ಐ, ಬೇಕಾದರೆ ಬಯಾಪ್ಸಿ (ಗ್ರಂಥಿಯ ಸಣ್ಣ ಚೂರು ತೆಗೆದು ಪರೀಕ್ಷಿಸುವುದು). ತದ್ವಿರುದ್ಧ ಮಾತೂ ಒಂದಿದೆ. ಫಿನಾಸ್ಟರೈಡ್ ನುಂಗುವವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅವರಿಗೆ 3 ಬಂದರೂ ಡಾಕ್ಟರ್ 6 ಅಂತಲೇ ಓದುತ್ತಾರೆ, ಹಾಗಾಗಿ ಆ ಗುಳಿಗೆಯ ಹೆಸರು ಹೇಳಲೇಬೇಕು.

ಯಾವ ತ್ರಾಸವೂ ಇಲ್ಲದವರು ಪಿಎಸ್‌ಎ ಮಾಡಿಸಬೇಕಾ ಅನ್ನುವುದನ್ನು 55ರಿಂದ 69ರ ವಯಸ್ಸಿನಲ್ಲಿ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಿ ಅಂತ ಅಮೆರಿಕದ 2018ರ ಸಲಹೆ ಹೇಳುತ್ತದೆ. ಅಪ್ಪನಿಗೋ ಅಣ್ಣತಮ್ಮನಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ ಆ ಮಾತು 45ಕ್ಕೇ ಶುರುವಾಗಲಿ.

ಮನೆ ಉಪಾಯ ಬಿಟ್ಟು ಯಾವಾಗ ತಕ್ಷಣ ಹೋಗಬೇಕು?

ಮೂತ್ರ ಪೂರ್ತಿ ನಿಂತು ಕಿಬ್ಬೊಟ್ಟೆ ನೋಯುತ್ತಿದ್ದರೆ ಆಗಿಂದಾಗಲೇ, ರಾತ್ರಿಯಾದರೂ. ಆಗ ಬರಲಿ ಅಂತ ಇನ್ನಷ್ಟು ನೀರು ಕುಡಿಸಬೇಡಿ. ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡು ನಿಂತರೂ, ಆ ವಾರವೇ. ಚಳಿಜ್ವರದ ಜೊತೆ ಉರಿಮೂತ್ರ ಇದ್ದರೆ ಅದೇ ದಿನ. ಬೆನ್ನು, ಸೊಂಟದ ಎಲುಬಿನಲ್ಲಿ ಹೋಗದ ನೋವು, ತೂಕ ಇಳಿಯುವುದು, ಗೊತ್ತಿಲ್ಲದೆ ಹಾಸಿಗೆ ಒದ್ದೆಯಾಗುವುದು ಇದ್ದರೆ ತಡ ಮಾಡಬೇಡಿ. ಕೊನೆಯದು ಮೂತ್ರಕೋಶ ಯಾವಾಗಲೂ ತುಂಬಿ ಹೊರಚೆಲ್ಲುತ್ತಿರುವುದರ ಗುರುತು, ನೋವೂ ಇರುವುದಿಲ್ಲ, ಒಳಗೆ ಕಿಡ್ನಿ ಕೆಡುತ್ತಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ.

ನಮ್ಮಪ್ಪ ತೋರಿಸಲು ಒಪ್ಪುವುದೇ ಇಲ್ಲ. ಏನು ಮಾಡಲಿ?

ಎಲ್ಲರ ಮುಂದೆ, ಸೊಸೆಯ ಮುಂದೆ ಕೇಳಬೇಡಿ. ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ, ಹೊಲದ ಬದುವಿನ ಮೇಲೆ ಇಬ್ಬರೇ ಇದ್ದಾಗ ಕೇಳಿ. ಮುಖ ನೋಡದೆ ಮಾತಾಡುವುದು ಅವರಿಗೆ ಸುಲಭ. ಬಿಪಿ ತೋರಿಸುವ ನೆಪದಲ್ಲಿ ಕರೆದೊಯ್ದು, ಡಾಕ್ಟರಿಗೆ ಮೊದಲೇ ಫೋನಿನಲ್ಲಿ ವಿಷಯ ಹೇಳಿಡಿ. ನೀವು ಹೊರಗೆ ಕೂತಿರಿ.

ಅಲ್ಲಿಯ ತನಕ ರಾತ್ರಿ ಬೀಳದಂತೆ ನೋಡಿಕೊಳ್ಳಿ. ಹಾಸಿಗೆಯಿಂದ ಸಂಡಾಸಿನ ತನಕ ಸಣ್ಣ ದೀಪ ಹಾಕಿಸಿ, ಹೊಸ್ತಿಲ ಹತ್ತಿರ ಹಿಡಿಯಲು ಒಂದು ಕೊಳವೆ ಬಡಿಸಿ, ಹಿತ್ತಲಿನ ಪಾಚಿಗಟ್ಟಿದ ಕಲ್ಲು ತೆಗೆಸಿ. ಹಾಸಿಗೆಯ ಬಳಿ ಮುಚ್ಚಳವಿರುವ ಯೂರಿನ್ ಬಾಟಲಿ ಇಟ್ಟು, ಬೆಳಿಗ್ಗೆ ನೀವೇ ಚೆಲ್ಲಿ ತೊಳೆದಿಡಿ. ನಾನು ಅಪ್ಪನಿಗೆ ಅದನ್ನು ಮಾಡಲು ಶುರು ಮಾಡಿದ ಮೂರನೇ ದಿನ ಬೆಳಿಗ್ಗೆ, ಬಾಟಲಿ ಎತ್ತಿಕೊಂಡು ಹೊರಟವನನ್ನು ನಿಲ್ಲಿಸಿ ಅವರೇ ಕೇಳಿದರು: "ಆ ಡಾಕ್ಟರ್ ಎಷ್ಟು ಗಂಟೆಗೆ ಬರ್ತಾನ?"